ದ್ವಿಚಕ್ರದ ಪಾಥೇಯ

ಪಥದಲ್ಲಿ ಉಪಯುಕ್ತವಾದುದೇ ಪಾಥೇಯವೆಂದು ನಾವು ಬಹುಕಾಲ ವಿದ್ಯಾರ್ಥಿಗಳಿಗೆ ಬೋಧಿಸಿದೆವು. ಆದರೆ ಆ ಪದಕ್ಕೆ ಬುತ್ತಿಯೆಂಬ ಅರ್ಥವೊಂದೇ ಸಾಲದೆಂಬುದು ನಮಗೆ ಮನವರಿಕೆಯಾದುದು ನಿವೃತ್ತರಾದ ಬಳಿಕ, ಕಳಸದ ದಾರಿಯಲ್ಲಿ.

ಕಳೆದ ವರ್ಷ ಭಾದ್ರಪದದಲ್ಲಿ, ಭದ್ರಾತೀರದ ಕಳಸೇಶ್ವರನ ದರ್ಶನಾರ್ಥವಾಗಿ ನಾವೂ ನಮ್ಮ ತಮ್ಮನ ಮಗನೂ ಮೂಡಿಗೆರೆಯಿಂದ ಬೈಸಿಕಲ್ಲುಗಳಲ್ಲಿ ಹೊರಟೆವು. ಹುಡುಗನು ಹೆಲ್ಮೆಟ್ಟನ್ನು ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ ಸರಿಯಾಗಿ ಕೂರಿಸಿ, ಗಲ್ಲದ ಪಟ್ಟಿಯನ್ನು ಬಿಗಿದು, ಗಾಡಿಯ ಹಿಂದೆ ಕೆಂಪು ದೀಪವನ್ನು ಹೊತ್ತಿಸಿದನು.

“ಹಗಲಿನಲ್ಲಿ ದೀವಟಿಗೆಯೇಕೋ?” ಎಂದು ನಾವು ನಕ್ಕೆವು.

“ಮಂಜಿಗೆ ಹಗಲು ರಾತ್ರಿಯೆಂಬುದಿಲ್ಲ, ದೊಡ್ಡಪ್ಪ” ಎಂದನು.

ನಮ್ಮ ಚೀಲದಲ್ಲಿಯೂ ಪಂಪು, ಸ್ಪಾನರು, ಪಂಕ್ಚರಿನ ಸಾಮಾನುಗಳು ಇದ್ದುವು. ಅಷ್ಟರಿಂದಲೇ ನಾವು ನಿಶ್ಚಿಂತರಾಗಿದ್ದೆವು.

ಬಣಕಲ್ಲನ್ನು ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಅಲ್ಲಿಂದ ಒಂದು ದಾರಿ ಚಾರ್ಮಾಡಿ ಘಟ್ಟವನ್ನಿಳಿಯುವುದು. ಮತ್ತೊಂದು ಕಾಫಿತೋಟಗಳ ನಡುವೆ ಕಳಸಕ್ಕೆ ಸಾಗುವುದು. ಸಿಲ್ವರ್ ಮರಗಳನ್ನು ತಬ್ಬಿದ ಮೆಣಸಿನ ಬಳ್ಳಿಗಳನ್ನು ನೋಡುತ್ತ, ಇಳಿಜಾರಿನಲ್ಲಿ ಬ್ರೇಕನ್ನು ಆಗಾಗ ಮೆಲ್ಲನೆ ಒತ್ತಿ ಚಕ್ರದ ನೀರನ್ನೊರೆಸುತ್ತ ನಡೆದೆವು. ಒದ್ದೆಯಾದ ಬ್ರೇಕು ತಡವಾಗಿ ಹಿಡಿಯುವುದೆಂಬುದನ್ನು ಮಲೆನಾಡಿನಲ್ಲಿ ಯಾರೂ ಮರೆಯಬಾರದು.

ಬಾಳೂರಿನ ಆಚೆ ನಮ್ಮ ಹಿಂದಿನ ಚಕ್ರಕ್ಕೆ ಮೊಳೆ ಚುಚ್ಚಿತು. ಟ್ಯೂಬನ್ನು ಹೊರತೆಗೆದು, ರಂಧ್ರವನ್ನು ಹುಡುಕಿ, ಉಪ್ಪುಕಾಗದದಿಂದ ಉಜ್ಜಿದ್ದಾಯಿತು. ಸೊಲ್ಯೂಷನ್ ಕೊಳವೆಯನ್ನು ಹಿಂಡಿದರೆ ಒಂದು ಹನಿಯೂ ಬರಲಿಲ್ಲ! ಎಂದೋ ಒಮ್ಮೆ ತೆರೆದಿಟ್ಟುದು ಒಳಗೇ ಒಣಗಿಹೋಗಿತ್ತು. ಹುಡುಗನ ಹೆಚ್ಚುವರಿ ಟ್ಯೂಬು ನಮ್ಮ ಚಕ್ರದ ಅಳತೆಯದಲ್ಲ. ದೂರವಾಣಿಗೆ ಸಂಕೇತವಿಲ್ಲ. ಗಾಡಿಗಳನ್ನು ತಳ್ಳಿಕೊಂಡು ನಡೆಯುತ್ತಿರುವಾಗ ಮಂಜು ಕವಿದು ಕತ್ತಲಾಯಿತು. ಕಾಲಿಗೆ ಇಂಬಳಗಳು ಹತ್ತಿದುವು.

ಅಷ್ಟರಲ್ಲಿ ತಿರುವಿನಿಂದ ಬಂದ ಜೀಪೊಂದು ಕಿರ್ರೆಂದು ನಮ್ಮಿಂದ ಒಂದು ಮಾರು ದೂರದಲ್ಲಿ ನಿಂತಿತು. ಚಾಲಕನು ನಡುಗುತ್ತ ಇಳಿದು, “ಯಜಮಾನರೇ, ಆ ಕೆಂಪು ದೀಪ ಕಂಡಿತು. ಕಾಣದಿದ್ದರೆ ನಾನು ಬದುಕಿರುವವರೆಗೂ ಕೊರಗಬೇಕಾಗಿತ್ತು” ಎಂದನು. ಬೆಳಿಗ್ಗೆ ನಾವು ನಕ್ಕ ದೀಪವೇ ಅದು. ಆತನೇ ಗಾಡಿಗಳನ್ನು ಏರಿಸಿಕೊಂಡು ನಮ್ಮನ್ನು ಕಳಸಕ್ಕೆ ಮುಟ್ಟಿಸಿದನು. ಹುಡುಗನ ಮುಖವನ್ನು ನೋಡಲು ನಮಗೆ ಸಂಕೋಚವಾಯಿತು.

ವಾಚಕರ ಮನೆಯ ಮಕ್ಕಳು ಗಾಡಿಯೇರಿ ಹೊರಡುವಾಗ ಇವು ಜೊತೆಯಲ್ಲಿರಲಿ: ಹೆಲ್ಮೆಟ್ಟು, ಮುಂದೆ ಬಿಳಿ, ಹಿಂದೆ ಕೆಂಪು ದೀಪ, ಗಂಟೆ, ತಮ್ಮ ಚಕ್ರದ ಅಳತೆಯದೇ ಆದ ಟ್ಯೂಬು, ಟೈರು ಬಿಚ್ಚುವ ಎರಡು ಪಟ್ಟಿಗಳು, ವಾಲ್ವಿಗೆ ಹೊಂದುವ ಪಂಪು, ಪಂಕ್ಚರಿನ ಸಾಮಾನು, ಗಾಡಿಯ ನಟ್ಟುಗಳಿಗೆ ತಕ್ಕ ಸ್ಪಾನರು, ಗಾಯಕ್ಕೆ ಶುದ್ಧವಾದ ಪಟ್ಟಿ, ನೀರು, ಬೆಲ್ಲ. ಆದರೆ ಹೊರುವುದಷ್ಟೇ ಸಾಲದು. ಹಿಂದಿನ ದಿನ ಅಂಗಳದಲ್ಲಿ ಒಮ್ಮೆ ಚಕ್ರವನ್ನು ಬಿಚ್ಚಿ ಜೋಡಿಸಿ, ಪ್ರತಿಯೊಂದು ವಸ್ತುವನ್ನೂ ಪರೀಕ್ಷಿಸಬೇಕು. ಯುದ್ಧಕಾಲದ ಶಸ್ತ್ರಾಭ್ಯಾಸದಿಂದ ಯಾರಿಗೂ ಪ್ರಯೋಜನವಿಲ್ಲ.

ನಮ್ಮ ಗಾಡಿಗೂ ಈಗ ಕೆಂಪು ದೀಪವಿರುವುದು. ಹಗಲಿನಲ್ಲಿಯೂ ಅದನ್ನು ಹೊತ್ತಿಸಿಯೇ ಹೊರಡುವೆವು.