ಎರಡು ಸಲ ಬರುವ ಗೌರಿ

ನಮ್ಮ ಡೊಂಬಿವಲಿಯ ಮನೆಯ ಮೂರನೇ ಮಹಡಿಗೆ ಗೌರಿ ವರ್ಷಕ್ಕೆ ಎರಡು ಸಲ ಬರುತ್ತಾಳೆ. ಅತ್ತೆ ತುಮಕೂರಿನವರು, ಅವರ ಸ್ವರ್ಣಗೌರಿ ಭಾದ್ರಪದದ ತದಿಗೆಗೆ, ಮಗನಿಗಿಂತ ಒಂದು ದಿನ ಮೊದಲೇ ಬಂದು ಕೂರುತ್ತಾಳೆ. ಎದುರು ಮನೆಯ ಕಾಕು ರತ್ನಾಗಿರಿಯವರು. ಅವರ ಜ್ಯೇಷ್ಠಾಗೌರಿ ಗಣಪತಿ ಬಂದಾದ ಮೇಲೆ ಅನುರಾಧಾ ನಕ್ಷತ್ರದಲ್ಲಿ ಬರುತ್ತಾಳೆ, ಜ್ಯೇಷ್ಠಾದಲ್ಲಿ ಪೂಜೆ, ಮೂಲಾದಲ್ಲಿ ಹೊರಡುತ್ತಾಳೆ. ಧಾರವಾಡದ ನನ್ನ ತವರಲ್ಲೂ ಗೌರಿ ಹೀಗೆ ಆಮೇಲೆ ಬರುವವಳೇ. ಕಾರ್ತಿಕದ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಬೇರೆ ಇತ್ತು. ಆ ಸಕ್ಕರೆ ಗೊಂಬೆಯ ವಿಚಾರ ಎತ್ತಿದರೆ ಅತ್ತೆ ಇವತ್ತಿಗೂ ನನ್ನನ್ನು ಅನುಮಾನದಿಂದಲೇ ನೋಡುತ್ತಾರೆ.

ಬಾಗಿನದ ಮೊರ ಇಲ್ಲಿ ಸಿಗುತ್ತದೋ ಇಲ್ಲವೋ ಎಂದು ಅತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ಹೆದರಿದ್ದರಂತೆ. ಅದನ್ನು ತಂದುಕೊಟ್ಟವರು ಕಾಕು. ಕೊಂಕಣದಲ್ಲಿ ಹೊಸ ಸೊಸೆಯಂದಿರು ಗೌರಿಗೆ ಓವಸಾ ಅರ್ಪಿಸುವುದು ಇಂಥದೇ ಬಿದಿರಿನ ಮೊರದಲ್ಲಿ. ಅವರು ಅದಕ್ಕೆ ಸೂಪ ಅನ್ನುತ್ತಾರೆ. ಅಂದಿನಿಂದ ಅತ್ತೆಯ ಮೊದಲ ಬಾಗಿನ ಕಾಕುಗೇ. ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಬೆಲ್ಲ, ಉಪ್ಪು, ರವಿಕೆ ಕಣ, ತೆಂಗಿನಕಾಯಿ, ಬಳೆ, ಕರಿಮಣಿ, ಬಾಚಣಿಗೆ.

ಹೋದ ವರ್ಷ ಆಷಾಢದಲ್ಲಿ ಕಾಕಾ ತೀರಿಕೊಂಡರು. ಆ ವರ್ಷ ಅವರ ಮನೆಯಲ್ಲಿ ಹಬ್ಬವಿರಲಿಲ್ಲ, ಪ್ರಶ್ನೆಯೂ ಏಳಲಿಲ್ಲ. ಈ ವರ್ಷ ಎದ್ದಿತು.

ಮುಲುಂಡಿನಿಂದ ಹಬ್ಬಕ್ಕೆ ಬಂದಿದ್ದ ದೊಡ್ಡತ್ತೆ, ಜೋಡಿಸಿಟ್ಟ ಮೊರಗಳನ್ನು ಎಣಿಸಿ, “ಇದೊಂದು ಯಾರಿಗೆ?” ಅಂದರು. ಅತ್ತೆ ಹೇಳಿದರು.

“ಮುತ್ತೈದೇರಿಗೆ ಕೊಡೋದಲ್ವೇನೇ ಬಾಗಿನ? ಆಕೆ ಮನಸ್ಸಿಗೂ ನೋವು.”

ದೊಡ್ಡತ್ತೆ ಕೆಟ್ಟವರಲ್ಲ. ಕಾಕಾ ಆಸ್ಪತ್ರೆಯಲ್ಲಿದ್ದಾಗ ದಿನವೂ ಲೋಕಲ್ ಹಿಡಿದು ಬಂದು ಕಾಕುಗೆ ಊಟ ಬಡಿಸಿ ಹೋದವರು ಅವರೇ. ನೋವಾಗುತ್ತದೆ ಎಂದದ್ದು ನೆಪವೂ ಅಲ್ಲ.

“ಅಕ್ಕ, ಇದರಲ್ಲಿರೋದು ಅಕ್ಕಿ, ಬೇಳೆ, ಬೆಲ್ಲ, ಉಪ್ಪು. ಗಂಡ ಎಲ್ಲಿದ್ದಾನೆ ಹೇಳಿ?”

“ಬಳೆ? ಕರಿಮಣಿ?”

ಅದಕ್ಕೆ ಅತ್ತೆಯ ಬಳಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಬಳೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಆಮೇಲೆ ಅವನ್ನೂ ಮೊರದೊಳಗೇ ಇಟ್ಟು ಮುಚ್ಚಿದರು.

2022ರ ಮೇ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ ಹೇರವಾಡ ಎಂಬ ಊರಿನ ಪಂಚಾಯಿತಿ, ಗಂಡ ಸತ್ತ ಹೆಂಗಸಿನ ಬಳೆ ಒಡೆಯುವುದು, ಕುಂಕುಮ ಒರೆಸುವುದು, ತಾಳಿ ಕೀಳುವುದು ನಿಲ್ಲಬೇಕೆಂದು ನಿರ್ಣಯ ಮಾಡಿತು. ಉಳಿದ ಊರುಗಳೂ ಇದನ್ನು ಅನುಸರಿಸಲಿ ಎಂದು ರಾಜ್ಯ ಸರ್ಕಾರ ಅದೇ ತಿಂಗಳು ಸುತ್ತೋಲೆ ಹೊರಡಿಸಿತು. ಶಿರೋಳ ತಾಲ್ಲೂಕಿನ ಆ ಊರು ನಮ್ಮ ಚಿಕ್ಕೋಡಿ ಸೀಮೆಗೆ ಹತ್ತಿರದ್ದೇ. ನಾನು ಅದನ್ನು ಅತ್ತೆಗೆ ಹೇಳಬಹುದಿತ್ತು, ಹೇಳಲಿಲ್ಲ. ಸುತ್ತೋಲೆ ನೋಡಿ ಬಾಗಿನ ಕೊಡುವವರಲ್ಲ ಅವರು.

ಕಾಕು ಬಾಗಿಲು ತೆರೆದಾಗ ಗೌನಿನ ಮೇಲೆ ಓಢಣಿ ಹೊದ್ದಿದ್ದರು. ಮೊರ ನೋಡಿ, “ವಹಿನಿ, ಹೇ ಕಶಾಲಾ?” ಅಂದರು, ಇದೆಲ್ಲ ಯಾಕೆ ಅಂತ. ಅತ್ತೆ ತಮ್ಮ ತುಮಕೂರು ಮರಾಠಿಯಲ್ಲಿ “ಘ್ಯಾ” ಅಂದದ್ದು ಅಷ್ಟೇ. ಬಾಗಿನವನ್ನು ಸೆರಗು ಮುಚ್ಚಿ ಕೊಡಬೇಕು, ಸೆರಗು ಹಿಡಿದೇ ತಗೋಬೇಕು. ಕಾಕು ಸೆರಗಿಲ್ಲದ್ದಕ್ಕೆ ಓಢಣಿಯ ತುದಿ ಎಳೆದು ಕೈಮೇಲೆ ಹಾಕಿಕೊಂಡರು. ದೊಡ್ಡತ್ತೆ ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನೂ ಹೇಳಲಿಲ್ಲ, ಒಳಗೆ ಹೋಗಿ ಒಬ್ಬಟ್ಟಿನ ಕಣಕ ನಾದತೊಡಗಿದರು.

ನಾಲ್ಕು ದಿನಕ್ಕೆ ಕಾಕು ನನ್ನನ್ನು ಕರೆದರು. ಗೌರಿಯರನ್ನು ಇನ್ನು ಮೈದುನನ ಮನೆಯಲ್ಲಿ ಕೂರಿಸೋಣ ಎಂದು ಅವರ ಕಡೆಯವರು ಹೇಳಿದ್ದರಂತೆ, ಇವರು ಒಪ್ಪಿರಲಿಲ್ಲ. ಮಗ ಪುಣೆಯಿಂದ ಇನ್ನೂ ಬಂದಿರಲಿಲ್ಲ. ಹೊಸ್ತಿಲಿನಿಂದ ಒಳಗಿನವರೆಗೆ ರಂಗೋಲಿಯ ಪುಟ್ಟ ಹೆಜ್ಜೆಗಳು. ಮುಖವಾಡಗಳನ್ನು ನೀನೇ ಒಳಗೆ ತಾ ಎಂದರು. ನಾನು ನಿಮ್ಮ ಮನೆಯವಳಲ್ಲವಲ್ಲ ಅಂದೆ. “ನಿನ್ನ ತವರಿಗೂ ಇವಳೇ ಅಲ್ವಾ ಬರೋದು?” ಅಂದರು.

ಜ್ಯೇಷ್ಠೆ, ಕನಿಷ್ಠೆ ಎಂದು ಗೌರಿಯರು ಇಬ್ಬರು. ಎರಡನ್ನೂ ಒಟ್ಟಿಗೆ ಹಿಡಿಯಲು ನನಗಾಗುವುದಿಲ್ಲ, ಒಂದನ್ನು ನೀವೇ ತನ್ನಿ ಎಂದೆ. ಅದು ಸುಳ್ಳು, ಹಿತ್ತಾಳೆಯ ಮುಖ, ಹೆಚ್ಚೇನು ಭಾರವಿರಲಿಲ್ಲ. ಕಾಕು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಕೈ ಚಾಚಿದರು. ಹಿರಿಯಳನ್ನು ಅವರು, ಕಿರಿಯಳನ್ನು ನಾನು ಹಿಡಿದು ಹೆಜ್ಜೆಗಳ ಮೇಲೆ ನಡೆದೆವು. ಆ ದಿನ ನೈವೇದ್ಯ ಭಾಜಿ, ಭಾಕ್ರಿ; ನಮ್ಮ ರೊಟ್ಟಿ-ಪಲ್ಯವೇ.

ಮಾರನೇ ದಿನ ಪೂರಣಪೋಳಿ, ಹದಿನಾರು ತರಕಾರಿಯ ಪಲ್ಯ. ಅದೆಲ್ಲ ನಮ್ಮ ಮನೆಗೆ ಬಂದದ್ದು ಅತ್ತೆ ಕೊಟ್ಟಿದ್ದ ಅದೇ ಮೊರದಲ್ಲಿ, ಬಾಳೆ ಎಲೆ ಹಾಸಿ. ಪಾತ್ರೆ ಬರಿದಾಗಿ ಹಿಂದಿರುಗಬಾರದು ಎಂಬುದು ಕಾಕುವಿನ ಶಾಸ್ತ್ರ. ಬಾಗಿನದ ಮೊರ ಹಿಂದಿರುಗಲೇಬಾರದು ಎಂಬುದು ಅತ್ತೆಯದು. ಎರಡು ದಿನ ಗೊಣಗಿದರು, “ಎಲ್ಲಾದ್ರೂ ಉಂಟೇನೇ ಇದು?” ಅಂತ. ಈಗ ಅದರಲ್ಲೇ ಗೋಧಿ ಹಸನು ಮಾಡುತ್ತಾರೆ.