ತುಮರಿಗೆ ಸೇತುವೆ ಬಂತು

ಮಕ್ಕಳೇ, ದ್ವೀಪ ಎಂದರೆ ಸುತ್ತಲೂ ನೀರಿರುವ ನೆಲ ಎಂದು ನಿಮ್ಮ ಪಾಠದಲ್ಲಿ ಬಂದಿರುತ್ತದೆ. ಇಂಡೋನೇಷ್ಯಾ ದೇಶವೊಂದರಲ್ಲೇ 17,000ಕ್ಕೂ ಹೆಚ್ಚು ದ್ವೀಪಗಳಿವೆ. ಅಲ್ಲಿನ ಎಷ್ಟೋ ಸಣ್ಣ ಹಳ್ಳಿಗಳಲ್ಲಿ ದೋಣಿಯೇ ಬಸ್ಸು, ನೀರೇ ರಸ್ತೆ. ಅಂಥ ಬದುಕನ್ನು ನೋಡಲು ಸಮುದ್ರ ದಾಟಬೇಕಾಗಿಲ್ಲ. ನಮ್ಮ ಕರ್ನಾಟಕದಲ್ಲೇ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ, ತುಮರಿ ಎಂಬ ಊರಿದೆ. ಅರವತ್ತು ವರ್ಷ ಆ ಊರಿನವರು ಹೀಗೆಯೇ ಬದುಕಿದರು.

ಆ ಸಮುದ್ರದ ದ್ವೀಪಗಳಿಗೂ ತುಮರಿಗೂ ಒಂದು ವ್ಯತ್ಯಾಸವಿದೆ. ಅವು ಪ್ರಕೃತಿ ಮಾಡಿದವು. ತುಮರಿಯನ್ನು ನೀರಿನಾಚೆ ಇಟ್ಟವರು ನಾವು. ಜೋಗ ಜಲಪಾತಕ್ಕಿಂತ ಮೇಲೆ ಶರಾವತಿ ನದಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದರು. 1964ರಲ್ಲಿ ಅದು ಮುಗಿಯಿತು. ನೀರು ಹಿಂದಕ್ಕೆ ಹಿಂದಕ್ಕೆ ಹರಡಿ ಕಣಿವೆಯ ಗದ್ದೆ, ತೋಟ, ಮನೆ, ಗುಡಿ ಎಲ್ಲ ಮುಳುಗಿದವು. ಎತ್ತರದಲ್ಲಿದ್ದ ಕರೂರು, ಬಾರಂಗಿ ಹೋಬಳಿಗಳ ಹಳ್ಳಿಗಳು ಉಳಿದವು. ಆದರೆ ಅವುಗಳಿಗೂ ಸಾಗರ ಪೇಟೆಗೂ ನಡುವೆ ದೊಡ್ಡ ಕೆರೆಯಂತೆ ನೀರು ನಿಂತಿತು. ಇನ್ನೊಂದು ಬದಿಯಲ್ಲಿ ಪಶ್ಚಿಮ ಘಟ್ಟದ ಕಾಡು. ಸುತ್ತಲೂ ನೀರಿಲ್ಲದಿದ್ದರೂ ಜನ ಅದನ್ನು ದ್ವೀಪ ಎಂದೇ ಕರೆದರು.

ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಹೋದದ್ದು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ, ಸಹೋದ್ಯೋಗಿಯೊಬ್ಬರ ಮನೆಯ ಮದುವೆಗೆ. ಸೋಮವಾರಪೇಟೆಯಿಂದ ಶನಿವಾರಸಂತೆ, ಸಕಲೇಶಪುರ, ಬೇಲೂರು, ಚಿಕ್ಕಮಗಳೂರು, ಶಿವಮೊಗ್ಗ ಎಂದು ಬಸ್ಸು ಬದಲಿಸುತ್ತ ಸಾಗರ ಮುಟ್ಟುವಾಗ ರಾತ್ರಿಯಾಗಿತ್ತು. ಆ ಹೊತ್ತಿಗೆ ಲಾಂಚ್ ಇಲ್ಲ ಎಂದು ತಿಳಿದು ಸಾಗರದಲ್ಲೇ ತಂಗಿದೆ. ಬೆಳಿಗ್ಗೆ ಅಂಬಾರಗೋಡ್ಲು ದಡಕ್ಕೆ ಹೋದರೆ ಲಾಂಚಿಗೆ ಜನ ಕಾದಿದ್ದರು. ಅದು ಅಗಲವಾದ ತಟ್ಟೆಯಂಥ ದೋಣಿ. ಮೊದಲು ಜೀಪು, ಸ್ಕೂಟರು ಏರಿದವು, ಆಮೇಲೆ ಅಡಿಕೆ ಮೂಟೆ, ಹಾಲಿನ ಕ್ಯಾನು, ಶಾಲೆಯ ಮಕ್ಕಳು, ಮದುವೆಗೆ ಹೊರಟ ನಾವು. ಆಚೆ ದಡ ಕಳಸವಳ್ಳಿ. ಅಲ್ಲಿಂದ ಮುಂದೆ ಸಿಗಂದೂರು ಚೌಡೇಶ್ವರಿ ದೇವಸ್ಥಾನ, ತುಮರಿ, ಬ್ಯಾಕೋಡು.

ಆ ಊರುಗಳ ಗಡಿಯಾರ ಲಾಂಚಿನ ಕೈಯಲ್ಲಿತ್ತು. ಸಾಗರದ ಕಚೇರಿಯಲ್ಲಿ ಕೆಲಸ ಅರ್ಧವಾಗಿದ್ದರೂ ಕೊನೆಯ ಲಾಂಚಿಗೆ ಓಡಬೇಕು. ತಪ್ಪಿದರೆ ಹೊಸನಗರದ ಕಡೆಯಿಂದ ಕಾಡು ರಸ್ತೆಯಲ್ಲಿ ಸುತ್ತಿ ಬರಬೇಕು, ಇಲ್ಲವೇ ಪೇಟೆಯಲ್ಲೇ ಮಲಗಬೇಕು. ಮಳೆ ತಡವಾದ ವರ್ಷ ಇನ್ನೊಂದು ಕಷ್ಟ. ಜಲಾಶಯದ ನೀರು ಇಳಿದಾಗ ವಾಹನ ಹೇರಿದರೆ ಲಾಂಚು ಕೆಸರಿಗೆ ಕೂರುತ್ತದೆ. 2023ರ ಜೂನ್‌ನಲ್ಲಿ ಹೀಗೆಯೇ ಆಗಿ, ವಾಹನ ಸಾಗಿಸುವುದನ್ನು ನಿಲ್ಲಿಸಿದ್ದರು.

ಎರಡನೆಯ ಸಲ ಹೋದದ್ದು ಈಚೆಗೆ, ಸೇತುವೆಯಾದ ಮೇಲೆ, ಮೊಮ್ಮಗನ ಜೊತೆ. 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಅದನ್ನು ಉದ್ಘಾಟಿಸಿದರು. ಸಿಗಂದೂರು ಚೌಡೇಶ್ವರಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಉದ್ದ ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ, ಖರ್ಚು ಸುಮಾರು 470 ಕೋಟಿ ರೂಪಾಯಿ. ನಡುವಿನ ಭಾಗವನ್ನು ಎತ್ತರದ ಕಂಬಗಳಿಂದ ಇಳಿಬಿಟ್ಟ ಉಕ್ಕಿನ ಹಗ್ಗಗಳು ಹಿಡಿದಿವೆ. ಲಾಂಚಿಗೆ ಕಾಯುವ ಗೊಡವೆಯಿಲ್ಲ. ನಾಲ್ಕು ನಿಮಿಷದಲ್ಲಿ ಆಚೆ ದಡ ಸೇರಿದೆವು. ಮೊಮ್ಮಗ, "ತಾತ, ಇಷ್ಟೇನಾ?" ಎಂದ.

ಸಹೋದ್ಯೋಗಿಯ ಅಣ್ಣನಿಗೆ ಈಗ ಎಂಬತ್ತೆರಡು ವರ್ಷ. ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ನಾನೂ ಅವರನ್ನು ಅಣ್ಣ ಎಂದೇ ಕರೆಯುವುದು. ಮೊಮ್ಮಗನ ಪ್ರಶ್ನೆ ಹೇಳಿದೆ. ಅವರು ನಕ್ಕು, "ಇಷ್ಟೇ ಅಲ್ಲ ಮಾರಾಯ್ರೇ, ನೀವು ದಾಟಿ ಬಂದ್ರಲ್ಲ, ಆ ನೀರಿನಡಿಗೆ ನಮ್ಮ ಗದ್ದೆ ಉಂಟು" ಎಂದರು.

ನೀರು ಏರಿದಾಗ ಅವರಿಗೆ ಇಪ್ಪತ್ತೊಂದು ವರ್ಷ. ಮನೆಯ ಬಾಗಿಲು, ಕಂಬ, ಹಂಚು ಬಿಚ್ಚಿ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಮೇಲಿನ ಜಾಗಕ್ಕೆ ಬಂದರಂತೆ. ನಾವು ಕೂತಿದ್ದ ಜಗಲಿಯ ಕಂಬಗಳು ಆ ಹಳೆಯ ಮನೆಯವೇ. ಮೊಮ್ಮಗ ಎದ್ದು ಹೋಗಿ ಕಂಬವನ್ನು ಮುಟ್ಟಿ ನೋಡಿದ. ಅವರ ಚಿಕ್ಕಪ್ಪನ ಮಕ್ಕಳು ಲಾರಿ ಹತ್ತಿ ಜಿಲ್ಲೆಯ ಇನ್ನೊಂದು ಮೂಲೆಗೆ ಹೋದರು. ಅಲ್ಲಿ ಕಾಡು ಕಡಿದು, ಗದ್ದೆ ಮಾಡಿ, ಬಾವಿ ತೋಡಿ ಊರು ಕಟ್ಟಿದರು.

ಇಲ್ಲಿ ಒಂದು ಲೆಕ್ಕದ ವಿಷಯ ಹೇಳಬೇಕು. ಅಜ್ಜಂದಿರಿಗೆ ಗೊತ್ತಿರುತ್ತದೆ, ಮಕ್ಕಳು ತಿಳಿದುಕೊಳ್ಳಿ. ಜಮೀನು ನಮ್ಮದು ಎಂದು ನಾವು ಹೇಳಿದರೆ ಸಾಲದು, ಪಹಣಿ ಎಂಬ ಕಾಗದ ಹೇಳಬೇಕು. ಅದರ 9ನೇ ಕಾಲಂನಲ್ಲಿ ಒಡೆಯನ ಹೆಸರಿರುತ್ತದೆ. 11ನೇ ಕಾಲಂನಲ್ಲಿ ಹಕ್ಕು ಮತ್ತು ಸಾಲದ ವಿವರ ಇರುತ್ತದೆ. ಬ್ಯಾಂಕಿನಲ್ಲಿ ಬೆಳೆ ಸಾಲದ ಅರ್ಜಿ ಬಂದಾಗ ನಾನು ಮೊದಲು ನೋಡುತ್ತಿದ್ದದ್ದು ಇವೆರಡನ್ನೇ. ಶರಾವತಿ ಮುಳುಗಡೆಯ ಎಷ್ಟೋ ಕುಟುಂಬಗಳಿಗೆ ಸರ್ಕಾರ ತೋರಿಸಿದ್ದು ಅರಣ್ಯದ ಜಾಗ. ಜನರನ್ನು ಅಲ್ಲಿ ಇಳಿಸಿದರು. ಜಾಗವನ್ನು ಅರಣ್ಯದ ಲೆಕ್ಕದಿಂದ ತೆಗೆದು ಅವರ ಹೆಸರಿಗೆ ಬರೆಯುವ ಕೆಲಸ ಮಾತ್ರ ಎಷ್ಟೋ ಕಡೆ ಹಾಗೆಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಆ ಮೇಲೆ ಅರಣ್ಯದ ನೆಲ ಬಿಡಿಸಲು ಕೇಂದ್ರ ಸರ್ಕಾರದ ಒಪ್ಪಿಗೆಯೂ ಬೇಕಾಯಿತು. ಹೀಗೆ ಮೂರನೆಯ ತಲೆಮಾರು ಉಳುತ್ತಿರುವ ಗದ್ದೆ ಕಾಗದದಲ್ಲಿ ಇನ್ನೂ ಕಾಡು. ಅಣ್ಣನ ಚಿಕ್ಕಪ್ಪನ ಮೊಮ್ಮಗ ಬ್ಯಾಂಕೊಂದಕ್ಕೆ ಸಾಲ ಕೇಳಲು ಹೋಗಿ, ಪಹಣಿ ಇಲ್ಲದೆ ಬರಿಗೈಯಲ್ಲಿ ಬಂದನಂತೆ. ಕೌಂಟರಿನ ಆಚೆ ಕೂತವನಿಗೆ ಬೇರೆ ದಾರಿ ಇಲ್ಲ. ಈಚೆ ನಿಂತವನ ತಪ್ಪೂ ಇಲ್ಲ.

ನಮ್ಮ ಕಡೆಯವರಿಗೂ ಇದು ಹೊಸದಲ್ಲ. ಹಾರಂಗಿ ಜಲಾಶಯ ಕಟ್ಟಿದಾಗ, ಆಗಿನ ಸೋಮವಾರಪೇಟೆ ತಾಲ್ಲೂಕಿನಲ್ಲೂ ಜನ ಗದ್ದೆ ಬಿಟ್ಟು ಎದ್ದಿದ್ದಾರೆ. ಇಂದು ಹಾರಂಗಿಗೆ ಪಿಕ್‌ನಿಕ್ ಹೋಗುವ ಮಕ್ಕಳು, ನೀರಿನಡಿಗೆ ಇರುವ ಊರುಗಳ ಹೆಸರನ್ನು ಮನೆಯ ಹಿರಿಯರಲ್ಲಿ ಕೇಳಿಕೊಂಡು ಹೋಗಿ.

ಸೇತುವೆಯಿಂದ ಒಳ್ಳೆಯದೇ ಆಗಿದೆ ಎಂದು ಅಣ್ಣನ ಸೊಸೆ ಹೇಳಿದಳು. "ರಾತ್ರಿ ಹೊಟ್ಟೆನೋವು ಬಂದ್ರೆ ಬೆಳಗಿನ ಲಾಂಚಿಗೆ ಕಾಯ್ಬೇಕಿತ್ತು. ಈಗ ಆಂಬುಲೆನ್ಸ್ ಮನೆ ಬಾಗಿಲಿಗೇ ಬರ್ತದೆ ಅಂಕಲ್" ಎಂದಳು. ಅವಳ ಮಗ ಹೋಂಸ್ಟೇ ಮಾಡುವ ಯೋಚನೆಯಲ್ಲಿದ್ದಾನೆ. ಅಣ್ಣನಿಗೆ ಮಾತ್ರ ಬೇರೆ ಚಿಂತೆ. ಗುರುತಿಲ್ಲದ ಕಾರುಗಳು ಬಂದು "ಜಾಗ ಕೊಡ್ತೀರಾ, ಎಕರೆಗೆ ಎಷ್ಟು?" ಎಂದು ಕೇಳುತ್ತವಂತೆ. "ಒಂದು ಸಲ ಸರ್ಕಾರ ಏಳು ಅಂತು, ಎದ್ದೆವು. ಈ ಸಲ ದುಡ್ಡು ಏಳು ಅಂತದೆ. ನಾನಿರೋ ತನಕ ಏಳೋದಿಲ್ಲ" ಎಂದು ಅಡಿಕೆಯ ಬುಟ್ಟಿ ಹತ್ತಿರ ಎಳೆದುಕೊಂಡರು. ಮಗ, ಸೊಸೆ ಏನೂ ಹೇಳಲಿಲ್ಲ. ಆ ಮನೆಯಲ್ಲಿ ಈ ಮಾತು ಇನ್ನೂ ತೀರ್ಮಾನವಾಗಿಲ್ಲ ಎಂದು ನನಗೆ ತಿಳಿಯಿತು.

ನೀರು ತೀರಾ ಇಳಿದ ಬೇಸಿಗೆಯಲ್ಲಿ, ಲಿಂಗನಮಕ್ಕಿಗಿಂತ ಹಳೆಯದಾದ ಮಡೆನೂರು ಅಣೆಕಟ್ಟು ಹಿನ್ನೀರಿನಿಂದ ಮೇಲೆದ್ದು ಕಾಣುತ್ತದೆ. ಹಿರೇಭಾಸ್ಕರ ಎಂದೂ ಅದನ್ನು ಕರೆಯುತ್ತಾರೆ. ಒಂದು ಅಣೆಕಟ್ಟನ್ನೇ ನುಂಗಿದ ನೀರು ಅದು! ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ನಮ್ಮ ಮನೆಗಳ ದೀಪಕ್ಕೂ ಅದರ ಪಾಲು ಬಂದಿರುತ್ತದೆ.

ಹೋಗುವವರಿಗೆ ಎರಡು ಮಾತು. ಮಳೆ ಕಳೆದ ಮೇಲೆ, ನೀರು ತುಂಬಿರುವಾಗ ಹೋಗಿ. ತಿಂಡಿಯ ಪ್ಲಾಸ್ಟಿಕ್ ಕವರನ್ನು ವಾಪಸು ತನ್ನಿ. ಹೋಗುವ ಮುನ್ನ ಸಾಗರದ ಲೇಖಕ ನಾ. ಡಿಸೋಜ ಅವರು ಮಕ್ಕಳಿಗಾಗಿ ಬರೆದ 'ಮುಳುಗಡೆಯ ಊರಿಗೆ ಬಂದವರು' ಪುಸ್ತಕವನ್ನು ಓದಿ. ಅದಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ. ನನ್ನ ಮೊಮ್ಮಗ ವಾಪಸು ಬಂದ ಮೇಲೆ ಓದಿದ, ಓದಿ ಮುಗಿಸಿ ಇನ್ನೊಮ್ಮೆ ತುಮರಿಗೆ ಹೋಗೋಣ ಎನ್ನುತ್ತಿದ್ದಾನೆ. ಬೇಸಿಗೆ ರಜೆ ಬರಲಿ ಎಂದಿದ್ದೇನೆ.