ದುರಸ್ತಿಯ ವಹಿ

ಟೊಯೋಟಾ ಕ್ವಾಲಿಸ್ ಬಂಡಿಯು ನಮ್ಮ ದೇಶದಲ್ಲಿ ೨೦೦೦ರಿಂದ ೨೦೦೫ರ ವರೆಗೆ ಮಾತ್ರ ಮಾರಲ್ಪಟ್ಟಿತು. ಗಟ್ಟಿಮುಟ್ಟೆಂಬ ಅದರ ಕೀರ್ತಿಯನ್ನು ನಂಬಿ ನಾವು ಹುಬ್ಬಳ್ಳಿಯಲ್ಲಿ ಹಳೆಯದೊಂದನ್ನು ಕೊಂಡೆವು. ಬಣ್ಣವನ್ನೂ ಗಾಲಿಗಳನ್ನೂ ಪರೀಕ್ಷಿಸಿದ ನಾನು, ಹಿಂದಿನ ಒಡೆಯರು ಕೈಗಿತ್ತ ದುರಸ್ತಿಯ ವಹಿಯನ್ನು ಮಾತ್ರ ತೆರೆಯಲಿಲ್ಲ.

ಮುಂದೊಂದು ಶ್ರಾವಣದ ರಾತ್ರಿ, ಎದೆನೋವಿನಿಂದ ಬಳಲುತ್ತಿದ್ದ ತಾಯಿಯವರನ್ನು ಧಾರವಾಡದಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುತ್ತಿರಲು, ನವಲೂರಿನ ಸಮೀಪದಲ್ಲಿ ಎಂಜಿನಿನ ಟೈಮಿಂಗ್ ಬೆಲ್ಟು ಹರಿದು ಬಂಡಿಯು ನಿಂತುಬಿಟ್ಟಿತು. ಸುರಿಯುವ ಮಳೆಯಲ್ಲಿ ಅಪರಿಚಿತನೊಬ್ಬನು ತನ್ನ ರಿಕ್ಷಾದಲ್ಲಿ ನಮ್ಮನ್ನು ಮುಟ್ಟಿಸಿದನು. ತಾಯಿಯವರು ಉಳಿದುಕೊಂಡರು.

ಮರುದಿನ ವಹಿಯನ್ನು ತೆರೆದೆನು. ೨ ಲಕ್ಷ ಕಿಲೋಮೀಟರಿಗೆ ಬೆಲ್ಟನ್ನು ಬದಲಿಸತಕ್ಕದ್ದೆಂದು ದುಂಡಕ್ಷರಗಳಲ್ಲಿ ಬರೆದಿತ್ತು. ನಾನು ಆ ಗಡುವನ್ನು ಮೀರಿ ೧೫,೦೦೦ ಓಡಿಸಿದ್ದೆನು. ಡೊಂಕಾದ ಕವಾಟಗಳನ್ನು ಬದಲಿಸಿದ ಮೇಲೆ ಬಂಡಿಯು ಇಂದಿಗೂ ಓಡುತ್ತಲಿದೆ. ನಂಬಿಕೆಗೆ ತಪ್ಪಿದವನು ನಾನು, ಅದಲ್ಲ. ವಹಿಯ ಮುಂದಿನ ಪುಟಗಳು ಈಗ ನನ್ನ ಅಕ್ಷರದಲ್ಲಿವೆ.